ಸುಟ್ಟ ಗುಡ್ಡದ ಅಂಚಿನಲ್ಲಿ ಚಿಂಕಾರ ನೋಡುವ ಬಗೆ

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಗುಡ್ಡಗಳು ಮರುಭೂಮಿಯೇನಲ್ಲ. ಆದರೆ ರಾಜಸ್ಥಾನದ ಥಾರ್‌ನಲ್ಲಿ ಓಡಾಡುವ ಚಿಂಕಾರ ಎಂಬ ಸಣ್ಣ ಹುಲ್ಲೆ ಇಲ್ಲೂ ಇದೆ, ಅದಕ್ಕೆಂದೇ ಸುಮಾರು 96 ಚದರ ಕಿಲೋಮೀಟರಿನ ವನ್ಯಧಾಮವೂ ಇದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಗುಡ್ಡದ ಒಂದು ಮೈ ಕಪ್ಪಾಗುತ್ತದೆ, ಇನ್ನೊಂದು ಹಳದಿಯಾಗಿಯೇ ಉಳಿಯುತ್ತದೆ. ಪ್ರಾಣಿ ನೋಡಬೇಕೆಂದರೆ ಈ ಎರಡೂ ಕೂಡುವ ಗೆರೆಯಲ್ಲಿ ಕೂಡಬೇಕು. ಏಪ್ರಿಲ್‌ನಲ್ಲಿ ಅಶ್ವಿನಿ, ಭರಣಿಯ ಅಡ್ಡಮಳೆ ಒಂದೆರಡು ಸಲ ಬಿದ್ದರೆ ಸುಟ್ಟ ಬುಡಗಳಲ್ಲಿ ಎಳೆ ಚಿಗುರು ಏಳುತ್ತದೆ. ಚಿಂಕಾರ ಮೇಯಲು ಕಪ್ಪಿಗೆ ಬರುತ್ತದೆ, ಬೆದರಿದರೆ ಮರೆಯಾಗಲು ಹಳದಿಗೆ ಓಡುತ್ತದೆ.

ಮೊದಲು ಅನುಮತಿ. ವನ್ಯಧಾಮದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅಲ್ಲಿ ಕಿಚ್ಚು ಹೊತ್ತಿಸುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆ ಇದೆ. ವಲಯ ಕಚೇರಿಯಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಿ: ಬೆಂಕಿ ಆರಿ ಎಷ್ಟು ದಿನವಾಯಿತು, ಯಾವ ದಾರಿ ನಡೆಯಲು ತೆರೆದಿದೆ. ಹುಲ್ಲು ಒಂದೇ ದಿನದಲ್ಲಿ ತಣ್ಣಗಾಗುತ್ತದೆ. ಮರದ ಬುಡ ಮತ್ತು ಬೇರು ಒಳಗೊಳಗೇ ವಾರಗಟ್ಟಲೆ ಉರಿಯಬಲ್ಲವು, ಆದ್ದರಿಂದ "ಬೆಂಕಿ ಆರಿದೆ" ಎಂಬ ಊರವರ ಮಾತೊಂದನ್ನೇ ನಂಬಿ ಹೊರಡಬೇಡಿ.

ಡೇರೆಯನ್ನು ವನ್ಯಧಾಮದ ಹೊರಗೆ, ಒಡೆಯರನ್ನು ಕೇಳಿ, ಯಾರದಾದರೂ ಹೊಲದಲ್ಲಿ ಹಾಕುವುದು ಸಲೀಸು. ನೆಲ ಆರಿಸುವಾಗ ಕೆಂಪು ಮಣ್ಣಿನ ಮಸಾರಿಗೇ ಮೊದಲ ಮಣೆ. ಕಪ್ಪು ಮಣ್ಣಿನ ಎರೆ ಹೊಲ ಬೇಸಿಗೆಗೆ ಕೈ ಹೋಗುವಷ್ಟು ಅಗಲ ಬಿರಿದಿರುತ್ತದೆ, ಚೇಳು, ಹಾವುಗಳಿಗೆ ಆ ಬಿರುಕೇ ಮನೆ. ಮೇಲಾಗಿ ಒಂದು ಅಡ್ಡಮಳೆ ಹೊಡೆದರೆ ಎರೆಯಲ್ಲಿ ನಿಂತ ಗಾಡಿ ಮರುದಿನವೂ ಹೊರಬರುವುದಿಲ್ಲ. ಹಳ್ಳದ ಮರಳು ಮೆತ್ತಗೆ, ಸಪಾಟಾಗಿ ಕಂಡರೂ ಅಲ್ಲಿ ಮಲಗಬೇಡಿ. ಸುಟ್ಟ ಇಳಿಜಾರಿನಲ್ಲಿ ನೀರು ತಡೆಯುವ ಹುಲ್ಲಿಲ್ಲ, ಬೂದಿ ಕೂತ ಮಣ್ಣು ಮಳೆಯನ್ನು ಬೇಗ ಹೀರುವುದೂ ಇಲ್ಲ. ಗುಡ್ಡದ ಮೇಲೆ ಅರ್ಧ ಗಂಟೆ ಜೋರು ಮಳೆ ಸುರಿದರೆ, ಕೆಳಗೆ ಹನಿಯೂ ಬೀಳದಿದ್ದಾಗಲೇ ಹಳ್ಳಕ್ಕೆ ಕಪ್ಪು ನೀರು ಇಳಿದು ಬರಬಹುದು.

ನೀರು ಒಬ್ಬರಿಗೆ ದಿನಕ್ಕೆ 5 ಲೀಟರ್, ಅಡುಗೆಯದು ಬೇರೆ. ಅಡುಗೆಯನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು ಇದ್ದರೆ ಎರಡು ದಿನ ಕಡ್ಡಿ ಗೀರುವ ಪ್ರಸಂಗವೇ ಬರುವುದಿಲ್ಲ. ಈ ಸೀಮೆಯ ಬುತ್ತಿಗಿಂತ ಒಳ್ಳೆಯ ಕ್ಯಾಂಪಿಂಗ್ ಊಟ ಯಾವ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ.

ಇನ್ನು ಸುಟ್ಟ ನೆಲದ ನಡಿಗೆ. ದಪ್ಪ ಅಡಿಯ, ಕಣಕಾಲು ಮುಚ್ಚುವ ಚರ್ಮದ ಬೂಟು, ಹತ್ತಿಯ ಉದ್ದ ಪ್ಯಾಂಟು ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕೆಂಡ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೂದಿಗೆ ಎನ್-95 ಮಾಸ್ಕ್ ಬೇಕು, ಒದ್ದೆ ಕರವಸ್ತ್ರ ನುಣ್ಣನೆಯ ಬೂದಿಯನ್ನು ತಡೆಯುವುದಿಲ್ಲ. ಕೈಯಲ್ಲಿ ಎದೆಮಟ್ಟದ ಬಡಿಗೆ ಇರಲಿ.

ಹೆಜ್ಜೆ ಇಡುವ ಮೊದಲು ತಲೆ ಎತ್ತಿ ನೋಡಿ. ಬುಡ ಸುಟ್ಟು ನಿಂತ ಬೇವು, ಜಾಲಿ ಗಾಳಿ ಇಲ್ಲದೆಯೂ ಉರುಳುತ್ತವೆ. ಅಂಥ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಸರಿದು ಹೋಗಿ, ಅದರ ನೆರಳಲ್ಲಿ ಕೂತು ಬುತ್ತಿ ಬಿಚ್ಚುವ ಆಸೆಯಂತೂ ಬೇಡ. ಆಮೇಲೆ ನೆಲ. ಕರಿ ಬೂದಿ ಅರೆಬರೆ ಸುಟ್ಟದ್ದರ ಗುರುತು, ಬಿಳಿ ಬೂದಿ ಪೂರ್ತಿ ಉರಿದದ್ದರದು. ಕಪ್ಪಿನ ನಡುವೆ ತಟ್ಟೆಯಗಲ ಬಿಳಿ ಬೂದಿ ಕಂಡರೆ ಅಲ್ಲೊಂದು ಮರದ ಬುಡವಿತ್ತು ಎಂದು ತಿಳಿಯಿರಿ. ಬೆಂಕಿ ಬೇರು ಹಿಡಿದು ಕೆಳಗೆ ಹೋಗಿ ಟೊಳ್ಳು ಮಾಡಿರುತ್ತದೆ, ಮೇಲೆ ತೆಳ್ಳನೆಯ ಮಣ್ಣಿನ ಹೆಪ್ಪಳಿಕೆ ಮಾತ್ರ ಉಳಿದಿರುತ್ತದೆ. ಕಾಲಿಟ್ಟರೆ ಮೊಣಕಾಲವರೆಗೆ ಕೆಂಡದೊಳಗೆ ಇಳಿಯಬಹುದು. ಬಡಿಗೆ ಊರಿ ನೋಡಿ, ಕುಸಿದರೆ ಸುತ್ತು ಹಾಕಿ. ಅನುಮಾನ ಬಂದ ಕಡೆ ಅಂಗೈ ಹಿಂಭಾಗವನ್ನು ನೆಲಕ್ಕೆ ಮುಟ್ಟಿಸದೆ ಹತ್ತಿರ ಹಿಡಿದರೆ ಕಾವು ತಿಳಿಯುತ್ತದೆ. ಸಣ್ಣ ಹೊಗೆ ನಡುಮಧ್ಯಾಹ್ನ ಕಾಣದು, ಬೆಳಗಿನ ಓರೆ ಬಿಸಿಲಿಗೆ ಎದುರಾಗಿ ನಿಂತರೆ ಎಳೆ ಎಳೆಯಾಗಿ ಕಾಣುತ್ತದೆ. ಕಂಡರೆ ಮುಂದೆ ಹೋಗದೆ 1926ಕ್ಕೆ, ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿಗೆ ತಿಳಿಸಿ.

ಇಷ್ಟೆಲ್ಲ ಕಾಟವಿದ್ದರೂ ಬೂದಿಯಲ್ಲಿ ಹೆಜ್ಜೆ ಗುರುತು ಮೂಡಿದಷ್ಟು ಚೆಂದ ಬೇರೆಲ್ಲೂ ಮೂಡುವುದಿಲ್ಲ. ಚಿಂಕಾರದ ಗೊರಸು ಕಿರಿದು, ತುದಿ ಚೂಪು. ಕುರಿ, ಆಡಿನದು ತುದಿಯಲ್ಲಿ ಮೊಂಡು, ಹಿಂಡಾಗಿ ತುಳಿದಿರುತ್ತದೆ. ಹೆಜ್ಜೆ ಸಿಗದಿದ್ದರೆ ಹಿಕ್ಕೆ ಹುಡುಕಿ: ಚಿಂಕಾರ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದರಿಂದ ಹಳೆಯದು, ಹೊಸದು ಕೂಡಿ ಗುಡ್ಡೆಯಾಗಿರುತ್ತದೆ. ತೋಳದ ಹೆಜ್ಜೆಗಳು ನೂಲು ಹಿಡಿದಂತೆ ನೆಟ್ಟಗೆ ಸಾಗುತ್ತವೆ, ಊರ ನಾಯಿಯದು ಅತ್ತಿತ್ತ ಅಲೆಯುತ್ತದೆ. ಮುಂಗಾಲಿನ ಗುರುತು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದಿದ್ದು, ಹತ್ತಿರದಲ್ಲಿ ಸುಣ್ಣದಂತೆ ಬಿಳಿಚಿದ ಲದ್ದಿ ಇದ್ದರೆ ಅದು ಕತ್ತೆಕಿರುಬ. ಎಲುಬು ಅಗಿದು ನುಂಗುವುದರಿಂದ ಆ ಬಿಳುಪು.

ಕೂಡುವ ಹೊತ್ತು ಬೆಳಿಗ್ಗೆ 6ರಿಂದ 9. ಆಮೇಲೆ ಕಪ್ಪು ನೆಲ ಕಾದು ಗಾಳಿ ನಡುಗುತ್ತದೆ, ಎಷ್ಟು ಒಳ್ಳೆಯ ದುರ್ಬೀನಿನಲ್ಲೂ ಪ್ರಾಣಿ ಕಲಸಿಹೋದಂತೆ ಕಾಣುತ್ತದೆ. ಚಿಟಿಕೆ ಬೂದಿ ಉದುರಿಸಿ ಗಾಳಿ ನೋಡಿಕೊಳ್ಳಿ. ಅದು ಪ್ರಾಣಿಯ ಕಡೆಯಿಂದ ನಿಮ್ಮತ್ತ ಬರುತ್ತಿರಬೇಕು. 8×42 ದುರ್ಬೀನು (8 ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು, 200 ಮೀಟರಿಗಿಂತ ಹತ್ತಿರ ಹೋಗುವ ಅಗತ್ಯವಿಲ್ಲ. ಚಿಂಕಾರ ಆಡಿನ ಗಾತ್ರದ್ದು, ಭುಜಕ್ಕೆ 65 ಸೆಂ.ಮೀ. ಆಸುಪಾಸು. ಕಂದು ಮೈ ಮಣ್ಣಿನಲ್ಲಿ ಬೆರೆತುಹೋದರೂ ಸದಾ ಅಲ್ಲಾಡುವ ಕಪ್ಪು ಬಾಲ ಅದನ್ನು ಬಿಟ್ಟುಕೊಡುತ್ತದೆ. ಕೃಷ್ಣಮೃಗದ ಕೊಂಬು ತಿರುಪಿನದು. ಚಿಂಕಾರದ್ದು ಉಂಗುರಗಳಿದ್ದು ಹೆಚ್ಚು ಕಡಿಮೆ ನೆಟ್ಟಗಿರುತ್ತದೆ, ಹೆಣ್ಣಿಗೂ ಸಣ್ಣ ಕೊಂಬಿರುವುದುಂಟು. ಸೀನಿದಂಥ ಸದ್ದು ಕೇಳಿತೆಂದರೆ ಅದು ನಿಮ್ಮನ್ನು ಕಂಡಿದೆ. ಓಡುತ್ತದೆ, ತುಸು ದೂರ ಹೋಗಿ ನಿಂತು ತಿರುಗಿ ನೋಡುತ್ತದೆ. ಆಗ ಬೆನ್ನಟ್ಟದೆ ಕೂತಲ್ಲೇ ಕೂತರೆ ಮತ್ತೆ ಮೇಯಲು ಇಳಿಯಬಹುದು. ಎದ್ದಿರೋ, ಆ ದಿನದ ನೋಟ ಮುಗಿಯಿತು.

ಟಿಟ್ಟಿಭ ಹಕ್ಕಿ ತಲೆಯ ಮೇಲೆ ಕಿರುಚುತ್ತ ಎರಗಿದರೆ ಕಾಲ ಬಳಿ ಮೊಟ್ಟೆ ಇದೆಯೆಂದೇ ಲೆಕ್ಕ. ಬಯಲು ನೆಲದ ಮೇಲೇ ಇಡುವ ಅದರ ಚುಕ್ಕೆ ಮೊಟ್ಟೆ ಕಲ್ಲಿನಂತೆಯೇ ಕಾಣುತ್ತದೆ. ಪಕ್ಕಕ್ಕೆ ಸರಿಯಬೇಡಿ, ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಹಿಂದೆ ಬನ್ನಿ.

ಕಲ್ಲುಗುಡ್ಡೆ ಸರಿಸುವಾಗ ಗರಗಸ ಮಂಡಲ ಹಾವಿನ ಎಚ್ಚರ ಇರಲಿ. ಮೈ ಸುರುಳಿಗಳನ್ನು ತಿಕ್ಕಿ ಗರಗಸದಂತೆ ಸದ್ದು ಮಾಡುತ್ತದೆ, ಒಂದಡಿ ಚಿಲ್ಲರೆ ಉದ್ದ, ವಿಷ ಮಾತ್ರ ಸಣ್ಣದಲ್ಲ. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬೂಟು ತೆಗೆದು, ಕಾಲು ಅಲುಗದಂತೆ ಬಡಿಗೆಗೆ ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ. ಕೆಂಡ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಬೇಕು, ಟೂತ್‌ಪೇಸ್ಟ್ ಹಚ್ಚುವುದು ಗಾಯ ಕೆಡಿಸುತ್ತದೆ. ದಿನದ 5 ಲೀಟರಿನ ಲೆಕ್ಕಕ್ಕೆ ಸೇರದ ಹತ್ತು ಲೀಟರಿನ ಕ್ಯಾನೊಂದು ಗಾಡಿಯಲ್ಲಿರಬೇಕಾದದ್ದು ಇದಕ್ಕೇ.