ಗುತ್ತಿಗೆ ಸಂಸ್ಥೆಯನ್ನು ಮುಂದಿನ ತಲೆಮಾರಿಗೆ ದಾಟಿಸುವ ಬಗೆ

ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ನೆಲೆ ಕಂಡಿರುವ ಅನೇಕ ಸಿವಿಲ್ ಗುತ್ತಿಗೆ ಸಂಸ್ಥೆಗಳು ಒಬ್ಬರ ಹೆಸರಿನಲ್ಲಿ ಶುರುವಾದವು. ಅಜ್ಜ ಶಾಲಾ ಕೊಠಡಿ, ಮೋರಿ, ಚರಂಡಿಗಳ ಕೆಲಸ ಹಿಡಿದು ಕೈಯೂರಿದರೆ, ಮಗ ಲೋಕೋಪಯೋಗಿ ಇಲಾಖೆಯ ಮೊದಲ ದರ್ಜೆಯ ಗುತ್ತಿಗೆದಾರನಾಗುತ್ತಾನೆ. ಮೊಮ್ಮಕ್ಕಳಿಗೆ ವ್ಯವಹಾರ ವಹಿಸುವ ಕಾಲ ಬಂದಾಗ ಮನೆಯಲ್ಲಿ ಮಾತು ನಡೆಯುವುದು ಟಿಪ್ಪರ್, ಜೆಸಿಬಿ, ಗೋದಾಮು ಮತ್ತು ನಿವೇಶನಗಳ ಸುತ್ತ. ಆದರೆ ಇವೆಲ್ಲವನ್ನೂ ದುಡ್ಡು ಕೊಟ್ಟರೆ ಮತ್ತೆ ಕೊಳ್ಳಬಹುದು. ಕೊಳ್ಳಲಾಗದ ಆಸ್ತಿ ಕಾಗದದಲ್ಲಿರುತ್ತದೆ: ದರ್ಜೆಯ ನೋಂದಣಿ, ವರ್ಷಾನುವರ್ಷದ ವಹಿವಾಟು, ಮುಗಿಸಿದ ಕಾಮಗಾರಿಗಳ ಅನುಭವ ಪ್ರಮಾಣಪತ್ರಗಳು ಮತ್ತು ಬ್ಯಾಂಕ್ ಗ್ಯಾರಂಟಿ ಮಿತಿ, ಅಂದರೆ ಬ್ಯಾಂಕು ಸಂಸ್ಥೆಯ ಪರವಾಗಿ ಎಷ್ಟು ಹಣಕ್ಕೆ ಹೊಣೆ ನಿಲ್ಲುತ್ತದೆ ಎಂಬುದು. ಹಸ್ತಾಂತರದ ಯೋಜನೆಯನ್ನು ಇವುಗಳಿಂದಲೇ ಆರಂಭಿಸಬೇಕು.

ಮೊದಲು ನೋಡಬೇಕಾದದ್ದು ಸಂಸ್ಥೆಯ ಕಾನೂನು ರೂಪ. ಏಕವ್ಯಕ್ತಿ ಮಾಲೀಕತ್ವದಲ್ಲಿ ಯಜಮಾನ ಮತ್ತು ಸಂಸ್ಥೆ ಬೇರೆಬೇರೆಯಲ್ಲ. ಆತ ತೀರಿಕೊಂಡ ದಿನ ನೋಂದಣಿಯಾಗಲಿ ಅನುಭವವಾಗಲಿ ತಾನಾಗಿಯೇ ಮಗನ ಹೆಸರಿಗೆ ಬರುವುದಿಲ್ಲ. ಜಿಎಸ್‌ಟಿ ಸಂಖ್ಯೆ ಕೂಡ ಪ್ಯಾನ್‌ಗೆ ಕಟ್ಟುಬಿದ್ದಿರುವುದರಿಂದ ವಾರಸುದಾರರು ಹೊಸದಾಗಿ ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಆತನ ಸ್ವಯಾರ್ಜಿತ ಆಸ್ತಿ ಹೆಂಡತಿ, ತಾಯಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮಪಾಲಾಗಿ ಹೋಗುತ್ತದೆ. ಅಂದರೆ ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೂ ಕಾಂಕ್ರೀಟ್ ಮಿಕ್ಸರ್‌ನಲ್ಲಿ ಪಾಲಿದೆ ಎಂಬುದನ್ನು ಸೈಟಿನಲ್ಲಿ ನಿಂತ ಅಣ್ಣತಮ್ಮಂದಿರು ಒಪ್ಪಲೇಬೇಕು. ಹೀಗಾಗಿ ಯಜಮಾನರು ಗಟ್ಟಿಯಾಗಿರುವಾಗಲೇ ವ್ಯವಹಾರವನ್ನು ಪಾಲುದಾರಿಕೆಗೆ ಅಥವಾ ಖಾಸಗಿ ಕಂಪನಿಗೆ ಬದಲಿಸಿಕೊಳ್ಳುವುದು ಜಾಣತನ.

ಪಾಲುದಾರಿಕೆಯನ್ನು ಆರಿಸಿಕೊಂಡರೂ ಎರಡು ವಿಷಯಗಳಲ್ಲಿ ಎಚ್ಚರ ಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 42ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದ್ದರಿಂದ ಉಳಿದವರು ವ್ಯವಹಾರ ಮುಂದುವರಿಸುತ್ತಾರೆಂಬ ಮಾತು ಪಾಲುದಾರಿಕೆ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಪತ್ರವನ್ನು ಬರೆದು ಬೀರುವಿನಲ್ಲಿಟ್ಟರೂ ಸಾಲದು, ಏಕೆಂದರೆ 69ನೇ ಕಲಮಿನ ಪ್ರಕಾರ ನೋಂದಣಿಯಾಗದ ಸಂಸ್ಥೆಯು ಕರಾರಿನಿಂದ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಬಿಲ್ಲಿನ ಹಣಕ್ಕಾಗಿ ವರ್ಷಗಟ್ಟಲೆ ಕಾಯುವ ನಮ್ಮ ಕಸುಬಿನಲ್ಲಿ ಇದು ಸಣ್ಣ ತೊಡಕಲ್ಲ. ಹಳೆಯ ಸಂಸ್ಥೆಯ ಅನುಭವವನ್ನು ಹೊಸ ಸಂಸ್ಥೆಗೆ ಎಷ್ಟರಮಟ್ಟಿಗೆ ಪರಿಗಣಿಸುತ್ತೇವೆ ಎಂಬುದನ್ನು, ರೂಪ ಬದಲಿಸುವ ಮುನ್ನವೇ, ನೋಂದಣಿ ನೀಡಿದ ಇಲಾಖೆಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಗುಮಾಸ್ತರ ಬಾಯಿಮಾತು ಟೆಂಡರ್ ತೆರೆಯುವ ದಿನ ಕೆಲಸಕ್ಕೆ ಬರುವುದಿಲ್ಲ.

ಅಣ್ಣತಮ್ಮಂದಿರು ಸಂಸ್ಥೆಯನ್ನು ಎರಡಾಗಿ ಹಂಚಿಕೊಳ್ಳಲು ಹೊರಟರೆ, ಅವರ ಮುಂದೆ ಒಂದು ಲೆಕ್ಕವನ್ನು ಇಡಬೇಕು. ದೊಡ್ಡ ಕಾಮಗಾರಿಗಳ ಟೆಂಡರ್ ದಾಖಲೆಯಲ್ಲಿ ಗುತ್ತಿಗೆದಾರನ ಸಾಮರ್ಥ್ಯವನ್ನು ಅಳೆಯಲು ಸಾಮಾನ್ಯವಾಗಿ ಒಂದು ಸೂತ್ರವಿರುತ್ತದೆ: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯವನ್ನು ಹೊಸ ಕಾಮಗಾರಿಯ ಅವಧಿಯ ವರ್ಷಗಳಿಂದಲೂ ಒಂದೂವರೆಯಿಂದಲೂ ಗುಣಿಸಿ, ಆ ಅವಧಿಯಲ್ಲಿ ಮುಗಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೌಲ್ಯವನ್ನು ಕಳೆಯುವುದು. ಗರಿಷ್ಠ ವರ್ಷ 8 ಕೋಟಿ, ಕೈಯಲ್ಲಿರುವ ಕೆಲಸ 5 ಕೋಟಿ, ಹೊಸ ಕಾಮಗಾರಿಯ ಅವಧಿ ಒಂದು ವರ್ಷ ಎಂದಿಟ್ಟುಕೊಂಡರೆ ಸಾಮರ್ಥ್ಯ 7 ಕೋಟಿ. 6 ಕೋಟಿಯ ಕೆಲಸಕ್ಕೆ ಧೈರ್ಯವಾಗಿ ಟೆಂಡರ್ ಹಾಕಬಹುದು. ಅದೇ ಸಂಸ್ಥೆ ಸರಿಸಮವಾಗಿ ಒಡೆದು, ಇಲಾಖೆ ಇಬ್ಬರಿಗೂ ಅರ್ಧರ್ಧ ವಹಿವಾಟನ್ನು ಮಾನ್ಯ ಮಾಡಿತೆಂದೇ ಭಾವಿಸಿದರೂ ಒಬ್ಬೊಬ್ಬರಿಗೆ ಉಳಿಯುವುದು ಮೂರೂವರೆ ಕೋಟಿ. ಆ 6 ಕೋಟಿಯ ಕೆಲಸ ಇಬ್ಬರಿಗೂ ಸಿಗದೆ ಮೂರನೆಯವನ ಪಾಲಾಗುತ್ತದೆ. ಮನೆ ಬೇರೆಯಾಗಲಿ, ಅಡುಗೆ ಬೇರೆಯಾಗಲಿ. ಸಂಸ್ಥೆಯನ್ನು ಒಂದಾಗಿಟ್ಟುಕೊಂಡು, ಸೈಟಿನಲ್ಲಿ ದುಡಿಯುವವರಿಗೆ ಸಂಬಳ, ಎಲ್ಲರಿಗೂ ಪಾಲಿಗೆ ತಕ್ಕ ಲಾಭ ಎಂದು ಎರಡನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳುವುದೇ ಮೇಲು.

ಇನ್ನು ತರಬೇತಿಯ ಮಾತು. ಬಿ.ಇ. ಮುಗಿಸಿ ಬಂದ ಮಗ ಅಥವಾ ಮಗಳನ್ನು ನೇರವಾಗಿ ಎ.ಸಿ. ಕೋಣೆಯಲ್ಲಿ ಕೂರಿಸುವ ಬದಲು ಛಾವಣಿಗೆ ಕಾಂಕ್ರೀಟ್ ಹಾಕುವ ದಿನ ಬೆಳಗಿನಿಂದ ಸೈಟಿನಲ್ಲಿ ನಿಲ್ಲಿಸಬೇಕು. ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಸಿಮೆಂಟಿನ ಹಾಲು ಸೋರದಂತೆ ಮುಚ್ಚಿದ್ದಾರೆಯೇ, ಕಬ್ಬಿಣವನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳು ಕೆಳಗೆ ಇವೆಯೇ ಅಥವಾ ಜಲ್ಲಿಕಲ್ಲು ತುರುಕಿದ್ದಾರೆಯೇ, ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಕ್ಯೂಬ್‌ಗಳನ್ನು ತುಂಬಿ ದಿನಾಂಕ ಬರೆದಿದ್ದಾರೆಯೇ ಎಂಬುದನ್ನು ಬಗ್ಗಿ ನೋಡಿಯೇ ಕಲಿಯಬೇಕು. ಇದಕ್ಕಿಂತ ಮುಖ್ಯವಾದದ್ದು ಮಾಡಿದ ಕೆಲಸವನ್ನು ಬಿಲ್ಲಿಗಾಗಿ ಬರೆದಿಡುವ ಅಳತೆ ಪುಸ್ತಕ, ಅಂದರೆ ಎಂ.ಬಿ. ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ಕಬ್ಬಿಣವನ್ನು ಯಾರೂ ಎಣಿಸಲಾರರು. ಹಾಗಾಗಿ ಸರಳುಗಳ ವ್ಯಾಸ, ಅಂತರ ಮತ್ತು ಉದ್ದವನ್ನು ಸಹಾಯಕ ಎಂಜಿನಿಯರ್ ಎಂ.ಬಿ.ಯಲ್ಲಿ ದಾಖಲಿಸುವವರೆಗೆ ಮಿಕ್ಸರ್ ತಿರುಗಿಸಬಾರದು. ತಡವಾಗುತ್ತದೆ ಎಂದು ಮೇಸ್ತ್ರಿ ಗೊಣಗುತ್ತಾನೆ, ಗೊಣಗಲಿ. ಮಣ್ಣಿನೊಳಗೆ ಹೋಗುವ ಪಾಯದ ಅಳತೆಗೂ ಇದೇ ನಿಯಮ. ಬಿಲ್ಲಿನಲ್ಲಿ ಕಳೆದುಹೋಗುವ ಲಾಭ ಎಷ್ಟೋ ಸಲ ಕಳೆದುಹೋಗುವುದು ಈ ಒಂದು ಗಂಟೆಯ ಅವಸರದಲ್ಲಿ.

ಅಧಿಕಾರವನ್ನು ಒಂದೇ ಸಲಕ್ಕೆ ಕೊಡದೆ ಹಂತಹಂತವಾಗಿ ಬಿಟ್ಟುಕೊಡಬೇಕು. ಸಿಮೆಂಟು, ಎಂ-ಸ್ಯಾಂಡ್, ಜಲ್ಲಿಯ ಖರೀದಿ ಮೊದಲು. ಅಂಗಡಿಯವರ ಬಳಿ ಉದ್ರಿ ನಿಭಾಯಿಸುವುದನ್ನು ಕಲಿತವರಿಗೆ ಹಣದ ಬಿಸಿ ಬೇಗ ತಿಳಿಯುತ್ತದೆ. ಆಮೇಲೆ ಕೂಲಿ ಬಟವಾಡೆ ಮತ್ತು ಮೇಸ್ತ್ರಿಗಳ ಮುಂಗಡ, ಅನಂತರ ಬಿಲ್ಲು ಮತ್ತು ಕಚೇರಿ ಓಡಾಟ, ಕೊನೆಗೆ ಟೆಂಡರ್ ದರ ನಿಗದಿ ಮತ್ತು ಬ್ಯಾಂಕಿನ ಸಹಿ. ಹೀಗೆ ಒಂದು ಜವಾಬ್ದಾರಿ ಕೊಟ್ಟ ಮೇಲೆ ಹಿರಿಯರು ಆ ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳಬೇಕು. ಹಳೆಯ ಮೇಸ್ತ್ರಿಗಳು ‘ಚಿಕ್ಕ ಯಜಮಾನ್ರು ಹಾಗಂದ್ರು, ನೀವೇನಂತೀರಿ’ ಎಂದು ಮನೆಬಾಗಿಲಿಗೆ ಬಂದೇ ಬರುತ್ತಾರೆ. ಅಲ್ಲಿ ಒಮ್ಮೆ ಮಗನ ಮಾತನ್ನು ತಿರುಗಿಸಿದರೆ ಮರುದಿನದಿಂದ ಸೈಟಿನಲ್ಲಿ ಅವನ ಮಾತಿಗೆ ಬೆಲೆ ಇರುವುದಿಲ್ಲ. ಇ-ಟೆಂಡರಿಗೆ ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಡಿಜಿಟಲ್ ಸಹಿಯ ಟೋಕನ್ ವಿಷಯವೂ ಇಲ್ಲಿ ಬರುತ್ತದೆ: ಅಪ್ಪನ ಟೋಕನ್ನು ಅಕೌಂಟೆಂಟ್‌ನ ಡ್ರಾಯರಿನಲ್ಲಿ, ಅದರ ಪಿನ್ನು ಎಲ್ಲರ ಬಾಯಲ್ಲಿ ಎಂಬ ಸ್ಥಿತಿ ಅಪಾಯಕಾರಿ. ಮುಂದಿನ ತಲೆಮಾರಿನವರ ಹೆಸರಿನಲ್ಲಿ ಅಧಿಕಾರ ಪತ್ರವನ್ನೂ ಅವರದೇ ಟೋಕನ್ನನ್ನೂ ಮಾಡಿಸಿಬಿಡಬೇಕು.

ಯಾರನ್ನು ಮುಂದಾಳಾಗಿ ಆರಿಸಬೇಕು ಎಂಬ ಪ್ರಶ್ನೆಗೆ ಹಿರಿಮಗ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕ್ರಿ.ಶ. 578ರಲ್ಲಿ ಆರಂಭವಾಯಿತೆನ್ನಲಾದ ಜಪಾನಿನ ಒಸಾಕಾದ ಕೊಂಗೊ ಗುಮಿ ಎಂಬ ದೇವಾಲಯ ನಿರ್ಮಾಣ ಸಂಸ್ಥೆ ಈ ಪದ್ಧತಿಗೆ ಅಂಟಿಕೊಳ್ಳಲಿಲ್ಲ. ಯೋಗ್ಯ ಮಗನಿಲ್ಲದಾಗ ಅಳಿಯನಿಗೆ ಮನೆತನದ ಹೆಸರು ಕೊಟ್ಟು ಯಜಮಾನಿಕೆ ವಹಿಸುತ್ತಿದ್ದರು. 1930ರ ದಶಕದಲ್ಲಿ ಗಂಡನನ್ನು ಕಳೆದುಕೊಂಡ ಯೋಶಿಯೆ ಎಂಬ ಹೆಣ್ಣುಮಗಳೇ ಸಂಸ್ಥೆಯನ್ನು ನಡೆಸಿದರು. ನಮ್ಮಲ್ಲಿಯೂ ಸೈಟಿನ ಧೂಳು ಹಿಡಿಸದ ಹಿರಿಮಗನಿಗಿಂತ ಲೆಕ್ಕ ಗೊತ್ತಿರುವ ಮಗಳು ಅಥವಾ ಸೊಸೆ ಕಚೇರಿಯನ್ನು ಚೆನ್ನಾಗಿ ನಡೆಸಿಯಾಳು.

ಅದೇ ಕೊಂಗೊ ಗುಮಿ 2006ರಲ್ಲಿ ಮನೆತನದ ಕೈತಪ್ಪಿ ಬೇರೊಂದು ನಿರ್ಮಾಣ ಕಂಪನಿಯ ಅಧೀನಕ್ಕೆ ಹೋಯಿತು. ಜಪಾನಿನಲ್ಲಿ ಭೂಮಿಯ ಬೆಲೆ ಉಬ್ಬಿದ್ದ ಕಾಲದಲ್ಲಿ ಮಾಡಿಕೊಂಡ ಸಾಲದ ಹೊರೆ ಅದಕ್ಕೊಂದು ಕಾರಣ. ಬೆಂಗಳೂರು, ಮೈಸೂರುಗಳ ಸುತ್ತ ಲೇಔಟ್ ಮಾಡುವ ಆಸೆಗೆ ಬೀಳುವ ಎರಡನೆಯ ತಲೆಮಾರಿನವರು ಗಮನಿಸಬೇಕಾದ ಸಂಗತಿಯಿದು. ಜಮೀನಿನ ವ್ಯವಹಾರ ಮಾಡಬಾರದೆಂದಲ್ಲ; ಅದಕ್ಕೆ ಬೇರೆ ಸಂಸ್ಥೆ, ಬೇರೆ ಸಾಲ, ಬೇರೆ ಖಾತೆ ಇರಲಿ. ಕಾಮಗಾರಿಗೆಂದು ಬಂದ ಮುಂಗಡ ಜಮೀನಿನ ಅಡ್ವಾನ್ಸ್ ಆಗಿ ಹೋದರೆ ಮುಂದಿನ ವಾರದ ಬಟವಾಡೆಗೆ ಕೈಸಾಲ ಹುಡುಕಬೇಕಾಗುತ್ತದೆ.

ಹಿರಿಯರ ನಿವೃತ್ತಿಯೂ ಕಾಗದದ ಮೇಲೆಯೇ ಆಗಬೇಕು. ಪಾಲುದಾರಿಕೆಯಿಂದ ಹೊರಬಂದವರು ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಸಂಸ್ಥೆಯ ಮುಂದಿನ ವ್ಯವಹಾರಗಳಿಗೂ ಮೂರನೆಯವರಿಗೆ ಹೊಣೆಯಾಗಬಹುದು ಎಂದು ಪಾಲುದಾರಿಕೆ ಕಾಯಿದೆಯ 32ನೇ ಕಲಮು ಹೇಳುತ್ತದೆ. ಈ ಪ್ರಕಟಣೆ ಎಂದರೆ ಸಂಸ್ಥೆಗಳ ರಿಜಿಸ್ಟ್ರಾರ್‌ಗೆ ತಿಳಿವಳಿಕೆ, ರಾಜ್ಯಪತ್ರದಲ್ಲಿ ಪ್ರಕಟಣೆ, ಜಿಲ್ಲೆಯಲ್ಲಿ ಓದುವ ಒಂದು ದೇಶಭಾಷಾ ಪತ್ರಿಕೆಯಲ್ಲಿ ಪ್ರಕಟಣೆ, ಈ ಮೂರೂ ಸೇರಿ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನು ಇದರಿಂದ ಬಿಡುಗಡೆಯಾಗುವುದಿಲ್ಲ. ಓವರ್‌ಡ್ರಾಫ್ಟ್ ಮಿತಿಯನ್ನು ನವೀಕರಿಸುವ ಸಮಯಕ್ಕೆ ಮಕ್ಕಳ ಜಾಮೀನನ್ನು ಬದಲಿಗೆ ಕೊಟ್ಟು, ಹಿರಿಯರ ಹೆಸರನ್ನು ಕೈಬಿಟ್ಟಿರುವುದಾಗಿ ಬ್ಯಾಂಕಿನಿಂದ ಪತ್ರ ಪಡೆದು, ಅಡವಿಟ್ಟ ವಾಸದ ಮನೆಯ ಮೂಲಪತ್ರಗಳನ್ನು ಬಿಡಿಸಿಕೊಂಡು, ತಿಂಗಳ ಖರ್ಚಿಗೆ ಸಂಸ್ಥೆಯಿಂದ ಅವರಿಗೆ ಎಷ್ಟು ಹಣ ಸಲ್ಲಬೇಕೆಂಬುದನ್ನು ನಿವೃತ್ತಿ ಪತ್ರದಲ್ಲೇ ಬರೆಸಬೇಕು.