ಉಸ್ತಾದ್ ಅರ್ಧಕ್ಕೆ ಬಿಟ್ಟ ಫಿಯೆಟ್

ಆರಿದ್ರಾ ಮಳೆ ಹಿಡಿದಿತ್ತು. ತೀರ್ಥಹಳ್ಳಿಯ ನನ್ನ ಗ್ಯಾರೇಜಿನಲ್ಲಿ ಒಂದು ಜೀಪಿನ ಅಡಿಗೆ ಮಲಗಿದ್ದೆ. ಕೈಯೆಲ್ಲ ಎಣ್ಣೆ. ಕೆಲಸದ ಹುಡುಗ ಫೋನ್ ತಂದು ಕಿವಿಗೆ ಹಿಡಿದ. "ಉಸ್ತಾದ್ ಹೋಗ್ಬಿಟ್ರಣ್ಣ" ಅಂದಿತು ಆ ಕಡೆಯ ದನಿ. "ಎಲ್ಲಿಗೆ?" ಅಂದೆ. ಹಳೇ ಬೇರಿಂಗು, ಬುಷ್ಷು ಹುಡುಕಿಕೊಂಡು ಅವರು ಹೇಳದೆ ಕೇಳದೆ ಭದ್ರಾವತಿಗೆ ಹೋಗಿಬಿಡುವುದಿತ್ತು. ಆ ಕಡೆಯವನು ಸುಮ್ಮನಾದ. ಆಗ ಅರ್ಥವಾಯಿತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಶೆಡ್ಡಿಗೆ ಹೆಸರಿನ ಬೋರ್ಡ್ ಹಾಕಿಸೋಣ ಅಂದವರನ್ನೇ ಬೈದು ಕಳಿಸಿದ ಮನುಷ್ಯ. ಶಿವಮೊಗ್ಗದಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಅವರು ಉಸ್ತಾದ್, ಅಷ್ಟೇ. ನನಗೆ ಕೆಲಸ ಕಲಿಸಿದವರು. ಮಣ್ಣಿಗೆ ಹೋದ ದಿನ ಗಲ್ಲಿಯ ಬಾಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಫಿಯೆಟ್‌ಗಳು, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಕಾಂಟೆಸ್ಸಾ, ರ್‍ಯಾಲಿಗೆ ಹೋಗುವ ಹುಡುಗರ ಜಿಪ್ಸಿಗಳು. ಕೊಪ್ಪ, ಬಾಳೆಹೊನ್ನೂರು ಕಡೆಯ ಎಸ್ಟೇಟಿನವರು ಕೊಡೆ ಹಿಡಿದು ನಿಂತಿದ್ದರು. ಇಷ್ಟು ಜನರ ಗಾಡಿ ಓಡಿಸಿಕೊಟ್ಟವರು ಸ್ವಂತಕ್ಕೆ ಇಟ್ಟುಕೊಂಡಿದ್ದು ಒಂದು ಸೈಕಲ್. ನಾನೂ ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿದೆ. ಉಗುರಿನ ಗ್ರೀಸ್ ಹಾಗೇ ಇತ್ತು. ತೊಳೆಯಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಉಸ್ತಾದ್ ಕೆಲಸ ಕಲಿತದ್ದು ಮದ್ರಾಸಿನಲ್ಲಿ. ಊರಿನ ಹೊರಗೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ವಿಮಾನದ ಪಟ್ಟಿ ಇತ್ತು. 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಶುರುವಾಗುವ ಮೊದಲು ಮದ್ರಾಸಿನ ಕಾರ್ ರೇಸ್ ಎಲ್ಲ ಅಲ್ಲೇ. ಒಂದು ತಂಡದ ಜೊತೆ ಇವರು ಪಾನಾ ಎತ್ತಿಕೊಡುವ ಹುಡುಗ. ಮನೆಯವರೆಲ್ಲ ಕೂತು ಓಡಾಡುವ ಫಿಯೆಟ್ 1100 ಅನ್ನೇ ಅಲ್ಲಿ ರೇಸಿಗೆ ಇಳಿಸುತ್ತಿದ್ದರು. ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾದದ್ದು ಇದೇ ಗಾಡಿ. 1089 ಸಿಸಿ ಎಂಜಿನ್. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ತಳ ಹೆರೆಸಿ (ಹೆಡ್ ಫೇಸ್ ಮಾಡಿಸಿ) ಕಂಪ್ರೆಷನ್ ಏರಿಸುವುದು, ಪೋರ್ಟ್ ಉಜ್ಜಿ ನುಣುಪು ಮಾಡುವುದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ ಬದಲಿಸುವುದು, ಇಷ್ಟರಲ್ಲೇ ಅವರು ಅದಕ್ಕೆ ಬೇರೆ ಜೀವ ಕೊಡುತ್ತಿದ್ದರು.

ಹೋಗುವಾಗ ಶೆಡ್ಡಿನಲ್ಲಿ ಒಂದು ಗಾಡಿ ಬಿಟ್ಟುಹೋಗಿದ್ದರು. 1968ರ ಫಿಯೆಟ್. ಹೆಡ್ ಫೇಸ್ ಆಗಿತ್ತು, ವಾಲ್ವ್ ಗ್ರೈಂಡ್ ಆಗಿತ್ತು, ಹೆಡ್ ಕೂರಿಸಿ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು. ಗಾಡಿಯ ಯಜಮಾನರು ನನ್ನ ಹತ್ತಿರ ಬಂದು, "ನೀನೇ ಮುಗಿಸು, ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ" ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ರಾತ್ರಿ ನಿದ್ದೆ ಬರಲಿಲ್ಲ.

ಗಾಡಿಯನ್ನು ತೀರ್ಥಹಳ್ಳಿಗೆ ಒಯ್ಯಬಹುದಿತ್ತು. ಅವರ ಶೆಡ್ಡಿನಲ್ಲೇ ಮಾಡಿದೆ. ಗೋಡೆಯ ಆ ಕಡೆ ಅವರ ಮನೆಯ ಅಡುಗೆಮನೆ. ಅವರ ಹೆಂಡತಿ, ನನಗೆ ಚಾಚಿ, ಇದ್ದತ್‌ನಲ್ಲಿದ್ದರು. ಗಂಡ ಹೋದ ಮೇಲೆ ಹೆಂಡತಿ ಮನೆಯಲ್ಲೇ ಕೂರುವ ಅವಧಿ ಅದು, ಹೊರಗೆ ಬರುವ ಹಾಗಿಲ್ಲ. ಹೊತ್ತಿಗೆ ಸರಿಯಾಗಿ ಮೊಮ್ಮಗನ ಕೈಯಲ್ಲಿ ಟೀ ಬರುತ್ತಿತ್ತು. ಉಸ್ತಾದ್ ಇದ್ದಾಗ ಬರುತ್ತಿದ್ದ ಹಾಗೇ, ಎರಡು ಲೋಟ. ಮೊದಲ ದಿನ ಎರಡನೇ ಲೋಟ ನೋಡಿ ಏನು ಮಾಡುವುದೋ ಗೊತ್ತಾಗಲಿಲ್ಲ. ಆಮೇಲೆ ಎರಡನ್ನೂ ನಾನೇ ಕುಡಿಯುತ್ತಿದ್ದೆ.

ಹೆಡ್ ಬೋಲ್ಟ್ ನಡುವಿನಿಂದ ಶುರುಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಟ್ಯಾಪೆಟ್ ಮಾತ್ರ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಣ್ಣ ಗ್ಯಾಪ್, ಅವರು ಕಲಿಸಿದ ಲೆಕ್ಕದಲ್ಲೇ ಮಾಡಿದೆ. ಈ ಎಂಜಿನ್ ಹೊತ್ತಿಕೊಳ್ಳುವ ಸಾಲು 1-3-4-2. ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾ ನಾಲ್ಕನೇ ಸಿಲಿಂಡರ್ ನೋಡಬೇಕು. ಅದರ ಎಕ್ಸಾಸ್ಟ್ ಮುಚ್ಚಿಕೊಳ್ಳುತ್ತಾ ಇನ್‌ಲೆಟ್ ತೆರೆದುಕೊಳ್ಳುವ ಕ್ಷಣ ಎರಡೂ ರಾಕರ್ ಒಮ್ಮೆ ಅಲ್ಲಾಡುತ್ತವೆ. ಆಗ ಒಂದನೇ ಸಿಲಿಂಡರಿನ ಎರಡು ವಾಲ್ವೂ ಪೂರ್ತಿ ಮುಚ್ಚಿರುತ್ತವೆ, ಅದರ ಗ್ಯಾಪ್ ಹಿಡಿಯಬೇಕು. ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು ಅಲ್ಲಾಡುತ್ತದೆ, ಮೂರನೆಯದನ್ನು ಹಿಡಿ. ಮತ್ತೆ ಅರ್ಧ ಸುತ್ತು, ಒಂದು ಅಲ್ಲಾಡಿದರೆ ನಾಲ್ಕು. ಕೊನೆಗೆ ಮೂರು ಅಲ್ಲಾಡಿದರೆ ಎರಡು. ಇದನ್ನು ಅವರು ಮಗ್ಗಿ ಥರ ಬಾಯಿಪಾಠ ಮಾಡಿಸಿದ್ದರು. ತಪ್ಪಿದರೆ ತಲೆಗೆ ಮೊಟಕು. "ಸ್ವಲ್ಪ ಸದ್ದು ಮಾಡೋ ಟ್ಯಾಪೆಟ್ ಬದುಕುತ್ತೆ, ಬಿಗಿಯಾದ್ದು ವಾಲ್ವ್ ಸುಡುತ್ತೆ ಮಾರಾಯ" ಅನ್ನುತ್ತಿದ್ದರು.

ಟೈಮಿಂಗಿಗೆ, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು ಹೊಂದಿಸಲು, ಬೀಡಿ ಕಟ್ಟಿನ ತೆಳು ಕಾಗದ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ ಅದನ್ನು ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿದುಕೊಳ್ಳಬೇಕು. ಕಾಗದ ಜಾರಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಅಲ್ಲಿಯವರೆಗೂ ಎಲ್ಲ ಸಲೀಸು. ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಹಿಗ್ಗಿ ಹೀರೇಕಾಯಿಯಾದೆ.

ಪರೀಕ್ಷೆಗೆ ಆಗುಂಬೆ ಘಾಟಿಗೆ ಒಯ್ದೆ. ಸೋಮೇಶ್ವರಕ್ಕೆ ಇಳಿದು, ತಿರುಗಿಸಿಕೊಂಡು ಹತ್ತುವುದು. ಹದಿನಾಲ್ಕು ತಿರುವು. ನಾಲ್ಕನೆಯದಕ್ಕೇ ಎಂಜಿನ್ ಮಂಕಾಯಿತು. ಆಕ್ಸಿಲರೇಟರ್ ಒತ್ತಿದರೆ ಎಳೆಯುತ್ತಿಲ್ಲ, ಟಿಣಿಟಿಣಿ ಅಂತ ಸಣ್ಣ ಸದ್ದು. ಕಂಪ್ರೆಷನ್ ಏರಿದೆಯಲ್ಲ, ಟೈಮಿಂಗ್ ಮುಂದಾಗಿರಬೇಕು ಅಂದುಕೊಂಡು ಮಳೆಯಲ್ಲೇ ನಿಂತು ಹಿಂದಕ್ಕೆ ತಿರುಗಿಸಿದೆ. ಟಿಣಿಟಿಣಿ ಕಡಿಮೆಯಾಯಿತು, ಬಿಸಿ ಜಾಸ್ತಿಯಾಯಿತು. ಒಂಬತ್ತನೇ ತಿರುವಿನಲ್ಲಿ ರೇಡಿಯೇಟರ್ ಹಬೆ ಉಗುಳಿತು. ಕಟ್ಟೆಯ ಮೇಲೆ ಮಂಗಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಅವಮಾನ ಅಂದರೆ ಅವಮಾನ.

ಆಗ ನೆನಪಾಯಿತು, ಪ್ಲಗ್ ನೋಡಿಯೇ ಇಲ್ಲ. ಉಸ್ತಾದ್ ಪ್ಲಗ್ ಬಣ್ಣ ಹೇಳುತ್ತಿದ್ದುದು ಅಡಿಕೆ ಲೆಕ್ಕದಲ್ಲಿ. ಚಾಲಿ ಥರ ಬಿಳಚಿದರೆ ಪೆಟ್ರೋಲ್ ಸಾಲದು. ಕೆಂಪಡಿಕೆ ಬಣ್ಣಕ್ಕಿದ್ದರೆ ಸರಿ. ಮಸಿ ಹಿಡಿದರೆ ಜಾಸ್ತಿ. ಅದನ್ನೂ ಏರಿನಲ್ಲಿ ಎಳೆಯುತ್ತಿರುವಾಗಲೇ ಕ್ಲಚ್ ಒತ್ತಿ, ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಬಿಚ್ಚಬೇಕು. ಮನೆಗೆ ಬಂದು ಬಿಚ್ಚಿದರೆ ಪ್ಲಗ್ ಸುಳ್ಳು ಹೇಳುತ್ತದೆ. ಬಿಚ್ಚಿದೆ. ನಾಲ್ಕೂ ಅಪ್ಪಟ ಚಾಲಿ.

ಕಾರಣ ಈಗಿನ ಪೆಟ್ರೋಲ್. ನೂರಕ್ಕೆ ಇಪ್ಪತ್ತು ಎಥನಾಲ್. "ಕಬ್ಬಿನ ಪೆಟ್ರೋಲ್" ಅಂತ ಉಸ್ತಾದ್ ಅದನ್ನು ಹೀಯಾಳಿಸುತ್ತಿದ್ದರು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಳೇ ಜೆಟ್ಟಿನಲ್ಲಿ ಹೊಸ ಪೆಟ್ರೋಲ್ ಬಿಟ್ಟರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎಂಜಿನ್ ಬಿಸಿಯಾಗುತ್ತದೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಅದು ಗೊತ್ತಿಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲ ಕೇಳಬೇಕೇ? ಟ್ಯಾಂಕಿನ ತಳದಿಂದ ಒಂದು ಬಾಟಲಿ ಇಳಿಸಿದರೆ ಕೆಳಗೆ ಎರಡು ಬೆರಳು ನೀರಿನಂಥದ್ದೇ ಬೇರೆ ನಿಂತಿತು. ಪೆಟ್ರೋಲ್ ಪೈಪಿನ ರಬ್ಬರ್ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿತು. ಎಲ್ಲ ಬದಲಿಸಿದೆ.

ಜೆಟ್ ಬದಲಿಸಲು ಅವರ ಡಬ್ಬಿ ತೆಗೆದೆ. ಸೋಲೆಕ್ಸ್ ಕಾರ್ಬುರೇಟರಿನ ಜೆಟ್ಟುಗಳು, ನೂರಾರು. ಮೇಲೆ ನಂಬರ್ ಇರುತ್ತದೆ. 120 ಅಂದರೆ ತೂತು 1.20 ಮಿಲಿಮೀಟರ್. ಆದರೆ ಇವರು ಅರ್ಧಕ್ಕರ್ಧ ಜೆಟ್ಟುಗಳನ್ನು ತಾವೇ ಕೊರೆದು ಅಗಲ ಮಾಡಿಟ್ಟಿದ್ದರು. ನಂಬರ್ ಒಂದು, ತೂತು ಇನ್ನೊಂದು. ಯಾವುದು ಎಷ್ಟು ಅಂತ ಎಲ್ಲೂ ಬರೆದಿಟ್ಟಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಅವರಿಗೆ ತಿಳಿಯುತ್ತಿತ್ತು. ಆವತ್ತು ನನಗೆ ಬಂದದ್ದು ಸಿಟ್ಟು. ಮಣ್ಣಿಗೆ ಹೋದ ದಿನ ಅಳು ಬಂದಿರಲಿಲ್ಲ. ಆ ಡಬ್ಬಿಯ ಮುಂದೆ ಕೂತು ಬೈಯುತ್ತಾ ಬೈಯುತ್ತಾ ಅತ್ತೆ. ಒಂದು ಚೀಟಿ ಬರೆದಿಡೋಕೆ ಏನಾಗಿತ್ತು ನಿಮಗೆ? ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದ ನನಗೂ ಪೆನ್ನು ಹಿಡಿಯಬೇಕು ಅನ್ನಿಸಿರಲಿಲ್ಲ, ಅದು ಬೇರೆ ಮಾತು.

ಕೊನೆಗೆ ದಾರಿ ತೋರಿಸಿದ್ದು ಗಾಂಧಿ ಬಜಾರಿನ ಒಬ್ಬ ಅಕ್ಕಸಾಲಿಗ. ಚಿನ್ನದ ತಂತಿ ಎಳೆಯುವ ಅಚ್ಚಿನಲ್ಲಿ ತಾಮ್ರದ ತಂತಿ ಎಳೆದುಕೊಟ್ಟರು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದಪ್ಪ. ಲೇತ್ ಅಂಗಡಿಯ ಮೈಕ್ರೋಮೀಟರಿನಲ್ಲಿ ಪ್ರತಿಯೊಂದನ್ನೂ ಅಳೆದು ಚೀಟಿ ಕಟ್ಟಿದೆ. ಯಾವ ತಂತಿ ಯಾವ ಜೆಟ್ಟಿನಲ್ಲಿ ಬಿಗಿಯಾಗಿ ಕೂರುತ್ತದೋ ಅದೇ ಅದರ ಅಳತೆ. ಎರಡು ದಿನ ಹಿಡಿಯಿತು. ನನ್ನ ಲೆಕ್ಕದಲ್ಲಿ ಪೆಟ್ರೋಲ್ ನೂರಕ್ಕೆ ಎಂಟರಷ್ಟು ಹೆಚ್ಚು ಹರಿಯಬೇಕು, ಅಂದರೆ ತೂತಿನ ಅಗಲ ನೂರಕ್ಕೆ ನಾಲ್ಕು ಹೆಚ್ಚಿದರೆ ಸಾಕು. 1.20 ಇದ್ದಲ್ಲಿ 1.25. ಟೈಮಿಂಗನ್ನು ಮತ್ತೆ ಮುಂದಕ್ಕೆ ತಂದೆ, ಮೊದಲಿಗಿಂತ ಒಂದು ಕೂದಲು ಹಿಂದೆ.

ಪುಷ್ಯ ಮಳೆಯಲ್ಲಿ ಎರಡನೇ ಸಲ ಘಾಟಿಗೆ ಹೋದೆ. ಮಂಜು ಎಷ್ಟಿತ್ತೆಂದರೆ ಬಾನೆಟ್ಟಿನ ತುದಿ ಕಾಣದು. ಎರಡನೇ ಗೇರಿನಲ್ಲಿ ತಿರುವು ದಾಟಿ, ಸ್ಟೇರಿಂಗ್ ಪಕ್ಕದ ಗೇರು ಹಿಡಿ ಎಳೆದು ಮೂರಕ್ಕೆ ಹಾಕಿದರೆ ಗಾಡಿ ಬೆನ್ನಿಗೆ ಕೈಕೊಟ್ಟು ದೂಡಿದ ಹಾಗೆ ಎದ್ದಿತು. ಮೇಲೆ ಹತ್ತಿ ಪ್ಲಗ್ ಬಿಚ್ಚಿದೆ. ಮೂರು ಕೆಂಪಡಿಕೆ, ಒಂದು ಸ್ವಲ್ಪ ಕಪ್ಪು. ಸಾಕು ಅನ್ನಿಸಿತು.

ನಲವತ್ತನೇ ದಿನದ ಪ್ರಾರ್ಥನೆಗೆ, ಫಾತಿಹಾಕ್ಕೆ, ಅದೇ ಗಾಡಿಯಲ್ಲಿ ಹೋದೆ. ಊಟ ಮುಗಿದು ಜನ ಕರಗಿದ ಮೇಲೆ ಹೊರಡೋಣ ಅಂತ ಸ್ಟಾರ್ಟ್ ಮಾಡಿದೆ. ಒಳಗಿನ ಕಿಟಕಿಯ ಪರದೆ ಹಿಂದಿನಿಂದ ಚಾಚಿಯ ದನಿ ಬಂತು. "ಬೇಟಾ, ಒಂದು ಟ್ಯಾಪೆಟ್ ಬಡೀತಿದೆ."

"ಇಲ್ಲ ಚಾಚಿ, ಎಲ್ಲ ನೋಡಿದೀನಿ" ಅಂದೆ.

"ಹಿಂದಿನ ಕಡೆದು. ಅವರಾಗಿದ್ರೆ ಬಿಡ್ತಿರಲಿಲ್ಲ."

ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟೆ. ಒಂದು, ಎರಡು, ಮೂರು ಸುಮ್ಮನಿದ್ದವು. ನಾಲ್ಕರ ಮೇಲೆ ಸಣ್ಣಗೆ ಟಕ್ ಟಕ್. ಕವರ್ ಬಿಚ್ಚಿದರೆ ಎಕ್ಸಾಸ್ಟ್ ರಾಕರಿನ ಲಾಕ್ ನಟ್ ಸಡಿಲ. ನಾನೇ ಸರಿಯಾಗಿ ಬಿಗಿದಿರಲಿಲ್ಲ. ಬಿಸಿಯಲ್ಲಿ ಗ್ಯಾಪ್ ಹಿಡಿಯುವ ಹಾಗಿಲ್ಲ, ಎಂಜಿನ್ ತಣಿಯಬೇಕು. ಜಗಲಿಯಲ್ಲಿ ಕೂತೆ. ಮೊಮ್ಮಗ ಟೀ ತಂದ. ಈ ಸಲ ಒಂದೇ ಲೋಟ.