ಮೇಲಿನ ರೂಮಿನ ಕುರ್ಚಿ: ಕಾಲೇಜಿಗೆಂದು ಒಂದು ಥ್ರಿಲ್ಲರ್ ಮಾಡಿದ್ದು

ಕಾಲೇಜಿನ ಪ್ರಾಜೆಕ್ಟಿಗೆ ಕಿರುಚಿತ್ರ ಮಾಡಬೇಕು ಅಂದಾಗ ನಮ್ಮ ಗುಂಪು ಥ್ರಿಲ್ಲರ್ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ದುಡ್ಡಿರಲಿಲ್ಲ. ಹಾಸ್ಯಕ್ಕೆ ಪಳಗಿದ ನಟರು ಬೇಕು, ಪ್ರೇಮಕಥೆಗೆ ಇಬ್ಬರಾದರೂ ಬೇಕು. ಥ್ರಿಲ್ಲರಿಗೆ ಒಂದು ಖಾಲಿ ಮನೆ, ಒಬ್ಬ ಹುಡುಗಿ, ಒಂದು ಸದ್ದು ಸಾಕು. ಕಥೆ ಇಷ್ಟೇ: ಪರೀಕ್ಷೆಗೆ ಓದುತ್ತಾ ಮನೆಯಲ್ಲಿ ಒಬ್ಬಳೇ ಇರುವ ಹುಡುಗಿಗೆ, ಬೀಗ ಹಾಕಿದ ಮೇಲಿನ ರೂಮಿನಿಂದ ಯಾರೋ ಕುರ್ಚಿ ಎಳೆದ ಸದ್ದು ಕೇಳುತ್ತದೆ. ಆರೇಳು ನಿಮಿಷದ ಚಿತ್ರ. ಒಂದು ಫೋನ್ ಕರೆ ಬಿಟ್ಟರೆ ಮಾತೇ ಇಲ್ಲ. ನಾನು ನಿರ್ದೇಶನದಲ್ಲಿ ಅರ್ಧ ಪಾಲು, ಎಡಿಟಿಂಗ್ ಪೂರ್ತಿ ಮಾಡಿದೆ.

ಸ್ಕ್ರಿಪ್ಟನ್ನು ನಾವು ಮೂರು ಕಾಲಂ ಮಾಡಿ ಬರೆದೆವು. ಮೊದಲನೆಯದು, ತೆರೆಯ ಮೇಲೆ ಏನು ಕಾಣುತ್ತದೆ. ಎರಡನೆಯದು, ಆ ಹೊತ್ತಿಗೆ ಹುಡುಗಿಗೆ ಏನು ಗೊತ್ತು. ಮೂರನೆಯದು, ನೋಡುವವರಿಗೆ ಏನು ಗೊತ್ತು. ಕೊನೆಯ ಎರಡು ಕಾಲಂ ಒಂದೇ ಆಗಿದ್ದ ಕಡೆಯೆಲ್ಲ ದೃಶ್ಯ ಸಪ್ಪೆ. ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಕೊಟ್ಟ ಬಾಂಬಿನ ಉದಾಹರಣೆ ಸಿನಿಮಾ ಓದುವ ಎಲ್ಲರಿಗೂ ಗೊತ್ತಿರುತ್ತದೆ. ಟೇಬಲ್ ಕೆಳಗಿನ ಬಾಂಬ್ ಏಕಾಏಕಿ ಸಿಡಿದರೆ 15 ಸೆಕೆಂಡಿನ ಅಚ್ಚರಿ, ಬಾಂಬ್ ಇರೋದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಆತಂಕ. ನಮ್ಮ ಬಾಂಬ್ ಒಂದು ಕೀಲಿಕೈ. ಮೇಲಿನ ರೂಮಿನ ಕೀ ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿರುತ್ತದೆ. ಅವಳು ನೀರು ಕುಡಿಯಲು ಹೋಗುವಾಗ ಇರುತ್ತದೆ. ವಾಪಸ್ ಬರುವಾಗ ಇರಲ್ಲ. ಅವಳು ಅದನ್ನು ನೋಡುವುದಿಲ್ಲ, ನೀವು ನೋಡುತ್ತೀರಿ.

ಇದನ್ನು ಹೇಗೆ ತೋರಿಸೋದು ಅನ್ನೋದರ ಮೇಲೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಕ್ಯಾಮೆರಾ ಹಿಡಿದ ಗೆಳೆಯ ಖಾಲಿ ಮೊಳೆಯ ಕ್ಲೋಸಪ್ ಬೇಕೇ ಬೇಕು ಅಂದ. ನನಗೆ ಅದು ಬೆರಳು ತೋರಿಸಿ "ನೋಡಿ ನೋಡಿ" ಅಂದ ಹಾಗೆ ಅನ್ನಿಸುತ್ತಿತ್ತು. ಎರಡೂ ತೆಗೆದೆವು. ಚಿತ್ರದಲ್ಲಿ ಉಳಿದಿದ್ದು ವೈಡ್ ಶಾಟ್: ಅವಳು ಫ್ರೇಮ್ ದಾಟಿ ಹೋಗುತ್ತಾಳೆ, ಮೊಳೆ ಬಲ ಅಂಚಿನಲ್ಲಿದೆ, ಅವಳು ಹೋದ ಮೇಲೂ ಶಾಟ್ ಕಟ್ ಆಗುವುದಿಲ್ಲ. 40 ಫ್ರೇಮ್ ಹಾಗೇ ನಿಲ್ಲುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಇದು ಎರಡು ಸೆಕೆಂಡಿಗೂ ಕಮ್ಮಿ, ಆದರೂ ಖಾಲಿ ಫ್ರೇಮ್ ಅಷ್ಟು ಹೊತ್ತು ನಿಂತರೆ ಕಣ್ಣು ತಾನಾಗೇ ಹುಡುಕಲು ಶುರುಮಾಡುತ್ತದೆ, ಹುಡುಕಿದವರಿಗೆ ಮೊಳೆ ಸಿಗುತ್ತದೆ. ತಾನೇ ಕಂಡುಹಿಡಿದೆ ಅನ್ನುವ ಪ್ರೇಕ್ಷಕ ಆಮೇಲೆ ಕುರ್ಚಿ ಬಿಟ್ಟು ಏಳಲ್ಲ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಕೆಲವು ವಿಷಯ ಮಾತ್ರ. ಕ್ಯಾಮೆರಾ ಅಂದರೆ ಫೋನೇ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನಟಿ ದೀಪದ ಹತ್ತಿರ ಹೋದಾಗಲೆಲ್ಲ ಇಡೀ ಗೋಡೆಯ ಬಣ್ಣ ಬದಲಾಗುತ್ತದೆ. ಮಾಮೂಲಿ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದ ವಿಡಿಯೋದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಬೇರೆ ರೆಕಾರ್ಡರಿನಲ್ಲಿ ಸೌಂಡ್ ಹಿಡಿದಿದ್ದರೆ ಶಾಟ್ ಉದ್ದ ಇದ್ದಷ್ಟೂ ತುಟಿ ಒಂದು ಕಡೆ, ಮಾತು ಒಂದು ಕಡೆ. ಫ್ರೇಮ್ ರೇಟ್ ಕೈಯಾರೆ ಹೊಂದಿಸುವ ಆ್ಯಪ್ ಬಳಸಿ, ಅಥವಾ ಎಡಿಟಿಂಗ್‌ಗೆ ಮುಂಚೆ ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿಕೊಳ್ಳಿ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಶಟರ್ 1/50 ಸೆಕೆಂಡಿಗೆ ಇಟ್ಟರೆ ದೀಪ ಮಿಣುಕೋದು ಕಾಣಲ್ಲ.

ಕತ್ತಲೆ ಬೇಕು ಅಂತ ಕತ್ತಲೆಯಲ್ಲೇ ಶೂಟ್ ಮಾಡಬೇಡಿ. ಫೋನಿನ ಪುಟ್ಟ ಸೆನ್ಸರ್ ಬೆಳಕು ಸಾಲದಾದಾಗ ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟವನ್ನು, ಏರಿಸುತ್ತದೆ, ಕಪ್ಪಿನಲ್ಲೆಲ್ಲ ನುಚ್ಚು ಚೆಲ್ಲಿದಂಥ ನಾಯ್ಸ್. ನಾವು ಕಿಟಕಿಗೆ ಕಂಬಳಿ ಕಟ್ಟಿ ಹಗಲಲ್ಲೇ ತೆಗೆದೆವು. ಒಂದು ಟೇಬಲ್ ಲ್ಯಾಂಪ್ ಮುಖದ ಒಂದೇ ಪಕ್ಕಕ್ಕೆ, ಇನ್ನೊಂದನ್ನು ಹಿಂದಿನ ಗೋಡೆಗೆ ತಿರುಗಿಸಿ. ಉಳಿದ ಕತ್ತಲೆಯನ್ನು ಆಮೇಲೆ ಕಲರ್ ಮಾಡುವಾಗ, ಅಂದರೆ ಚಿತ್ರದ ಬಣ್ಣ-ಬೆಳಕು ತಿದ್ದುವಾಗ, ತಂದೆವು.

ಸದ್ದಿಗೆ ಮಾತ್ರ ಇಡೀ ಮನೆ ಬಾಯಿ ಮುಚ್ಚಬೇಕು. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದ ಮೇಲೆ ಗಾಡಿ ಕೀಯನ್ನು ಅದರೊಳಗೇ ಇಡೋದು ಈ ಕೆಲಸದವರ ಹಳೆ ಉಪಾಯ, ಮನೆಗೆ ಹೊರಟಾಗ ಕೀ ಹುಡುಕಿಕೊಂಡು ಅಲ್ಲಿಗೇ ಬರಬೇಕಲ್ವಾ, ಆಗ ಆನ್ ಮಾಡೋದು ನೆನಪಾಗುತ್ತೆ. ಹೊರಡುವ ಮುಂಚೆ ಪ್ರತಿ ರೂಮಿನಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಸುಮ್ನೆ ನಿಂತು ಆ ರೂಮಿನ ಖಾಲಿ ಸದ್ದನ್ನು ರೆಕಾರ್ಡ್ ಮಾಡಿಕೊಂಡೆವು. ಇದಕ್ಕೆ ರೂಮ್ ಟೋನ್ ಅಂತಾರೆ. ಎರಡು ಶಾಟ್‌ಗಳ ಮಧ್ಯೆ ಸದ್ದಿನ ಗುಂಡಿ ಬಿದ್ದಾಗ ತುಂಬೋದಕ್ಕೆ ಇದೇ ಬೇಕು.

ನಟಿಗೆ "ಹೆದರಿಕೋ" ಅಂತ ಒಂದು ಸಲವೂ ಹೇಳಲಿಲ್ಲ. ಹೆದರಿಕೋ ಅಂದರೆ ಎಲ್ಲರೂ ಕಣ್ಣು ಅಗಲಿಸಿ ಬಾಯಿ ತೆರೆಯುತ್ತಾರೆ. "ಸದ್ದು ಯಾವ ಮೂಲೆಯಿಂದ ಬಂತು ಅಂತ ಪತ್ತೆ ಮಾಡು" ಅಂದೆವು, ಅಷ್ಟೇ. ಜೊತೆಗೆ ಏನೂ ಮಾಡದೆ ಸುಮ್ಮನೆ ಮೇಲೆ ನೋಡುವ ಒಂದು ಉದ್ದನೆಯ ಟೇಕ್ ತೆಗೆದಿಟ್ಟುಕೊಂಡೆ. ಎಡಿಟಿಂಗಲ್ಲಿ ಅದೇ ಚಿನ್ನ. 1910ರ ದಶಕದ ಕೊನೆಯ ಹೊತ್ತಿಗೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿ ತೋರಿಸಿದ ಪ್ರಯೋಗದ ಬಗ್ಗೆ ತರಗತಿಯಲ್ಲಿ ಕೇಳಿದ್ದೆ. ಸೂಪಿನ ತಟ್ಟೆ ಪಕ್ಕದಲ್ಲಿದ್ದರೆ ಹಸಿವು, ಶವಪೆಟ್ಟಿಗೆ ಇದ್ದರೆ ದುಃಖ. ಟೈಮ್‌ಲೈನಿನಲ್ಲಿ ಆ ಖಾಲಿ ಮುಖವನ್ನು ಖಾಲಿ ಮೊಳೆಯ ನಂತರ ಇಟ್ಟರೆ ಅವಳಿಗೆ ಅನುಮಾನ ಬಂದಂತೆ, ಮೆಟ್ಟಿಲ ನಂತರ ಇಟ್ಟರೆ ಹೋಗಲೋ ಬೇಡವೋ ಎಂದು ತೂಗುತ್ತಿರುವಂತೆ ಕಾಣುತ್ತಿತ್ತು. ಅದೇ ಟೇಕಿನ ತುಂಡುಗಳನ್ನು ಚಿತ್ರದಲ್ಲಿ ಮೂರು ಕಡೆ ಬಳಸಿದ್ದೇನೆ, ಇಲ್ಲಿಯವರೆಗೆ ಯಾರೂ ಹಿಡಿದಿಲ್ಲ.

ಎಡಿಟಿಂಗ್ ಮಾಡಿದ್ದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ಲ್ಯಾಪ್‌ಟಾಪ್ ತಡವರಿಸುತ್ತಿತ್ತು, ಅದಕ್ಕೆ ಮೊದಲೇ ಪ್ರಾಕ್ಸಿ ಮಾಡಿಟ್ಟುಕೊಂಡೆ, ಅಂದರೆ ಅದೇ ಶಾಟ್‌ಗಳ ಸಣ್ಣ ಗಾತ್ರದ ನಕಲು. ಮೊದಲ ಜೋಡಣೆ ಸ್ಕ್ರಿಪ್ಟಿನ ಕ್ರಮದಲ್ಲೇ, ಮ್ಯೂಸಿಕ್ ಇಲ್ಲದೆ. ಅದನ್ನು ನೋಡಿ ಗುಂಪಿನವರ ಮುಖ ಇಳಿದುಹೋಯಿತು. ಮೊದಲ ಜೋಡಣೆ ಯಾವಾಗಲೂ ಹಾಗೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅದರ ಮೇಲೆ ಮ್ಯೂಸಿಕ್ ಹೊದಿಸಿ ಸಮಾಧಾನ ಪಟ್ಟುಕೊಳ್ಳಲೂಬೇಡಿ. ಮ್ಯೂಸಿಕ್ ಹಾಕಿದ ತಕ್ಷಣ ಸಡಿಲವಾದ ಕಟ್ ಕೂಡ ಬಿಗಿಯಾಗಿ ಕಾಣುತ್ತದೆ, ಆಮೇಲೆ ಯಾವುದು ಸಡಿಲ ಅಂತ ಗೊತ್ತೇ ಆಗಲ್ಲ.

ಕುರ್ಚಿಯ ಸದ್ದಿನ ವಿಷಯಕ್ಕೆ ಬರುತ್ತೇನೆ, ಇಡೀ ಚಿತ್ರ ನಿಂತಿರೋದೇ ಅದರ ಮೇಲೆ. ಅದು ಮೂರು ಸಲ ಬರುತ್ತದೆ. ಮೊದಲ ಸಲ ಅವಳು ಪುಸ್ತಕದ ಹಾಳೆ ತಿರುಗಿಸುವ ಕ್ಷಣಕ್ಕೇ ಸರಿಯಾಗಿ, ಹಾಳೆಯ ಸದ್ದಿನ ಅಡಿಯಲ್ಲಿ. ಏನೋ ಕೇಳಿಸಿತಾ, ಇಲ್ಲವಾ? ಅವಳು ತಲೆ ಎತ್ತುವುದೇ ಇಲ್ಲ. ಎರಡನೆಯ ಸಲ ಪೂರ್ತಿ ನಿಶ್ಶಬ್ದದಲ್ಲಿ, ಅದೂ ಕಟ್‌ಗಿಂತ 10 ಫ್ರೇಮ್ ಮೊದಲೇ ಶುರುವಾಗುತ್ತದೆ: ನಾವಿನ್ನೂ ಪುಸ್ತಕ ನೋಡುತ್ತಿರುವಾಗ ಸದ್ದು, ಆಮೇಲೆ ಅವಳ ಮುಖ. ಎಡಿಟರ್‌ಗಳು ಇದನ್ನು ಜೆ ಕಟ್ ಅಂತಾರೆ. ಸದ್ದು ಮತ್ತು ಕಟ್ ಒಟ್ಟಿಗೇ ಬಿದ್ದಾಗ ಮುಖ ಬರೀ ಪ್ರತಿಕ್ರಿಯೆಯಂತೆ ಇತ್ತು. ಸದ್ದನ್ನು ಕಟ್‌ಗಿಂತ ಮೊದಲಿಗೆ ಎಳೆದ ಮೇಲೆ, ನಮಗೆ ಕೇಳಿಸಿದ್ದು ಅವಳಿಗೂ ಕೇಳಿಸಿತಾ ಅಂತ ನಾವೇ ಅವಳ ಮುಖ ಹುಡುಕುವಂತಾಯಿತು. ಮೂರನೆಯದು ಎಲ್ಲಿ ಬರುತ್ತದೆ ಅಂತ ಇಲ್ಲಿ ಹೇಳಲ್ಲ.

ಆ ಸದ್ದು ಹಿಡಿದಿದ್ದು ಹೀಗೆ. ಮೇಲಿನ ರೂಮಿನಲ್ಲಿ ಒಬ್ಬ ಮರದ ಸ್ಟೂಲ್ ಎಳೆದ, ರೆಕಾರ್ಡರ್ ಕೆಳಗಿನ ರೂಮಿನಲ್ಲಿತ್ತು. ಗೋಡೆ, ಛಾವಣಿ ಎಲ್ಲ ತೀಕ್ಷ್ಣ ಸದ್ದನ್ನು ನುಂಗಿ ದಪ್ಪ ಸದ್ದನ್ನು ಮಾತ್ರ ಬಿಡುತ್ತವೆ. ನೆಟ್‌ನಲ್ಲಿ ಸಿಗುವ ಕುರ್ಚಿ ಸದ್ದಿಗೆ, ತೀಕ್ಷ್ಣ ಸದ್ದನ್ನು ತೆಗೆಯುವ ಲೋ ಪಾಸ್ ಫಿಲ್ಟರ್ ಹಾಕಿದರೂ ಹೆಚ್ಚುಕಡಿಮೆ ಹೀಗೇ ಕೇಳುತ್ತದೆ, ಆದರೆ ಛಾವಣಿಯ ಆ ಸಣ್ಣ ಕಂಪನ ಸಿಗಲ್ಲ.

ಅವಳು ಮೆಟ್ಟಿಲು ಹತ್ತುವ ಶಾಟ್‌ಗಳೆಲ್ಲ ಎಡದಿಂದ ಬಲಕ್ಕೆ. ಕೊನೆಯ ಮೆಟ್ಟಿಲ ಹತ್ತಿರ ಮಾತ್ರ ಕ್ಯಾಮೆರಾ ಅವಳು ನಡೆಯುವ ದಾರಿಯ ಗೆರೆ ದಾಟಿ ಆ ಕಡೆಗೆ ಹೋಗುತ್ತದೆ, ಅವಳು ಬಲದಿಂದ ಎಡಕ್ಕೆ ಬರುವಂತೆ ಕಾಣುತ್ತಾಳೆ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿ ಇರಬೇಕು ಅನ್ನುವ 180 ಡಿಗ್ರಿ ನಿಯಮವನ್ನು ಎಲ್ಲೆಂದರಲ್ಲಿ ಮುರಿದರೆ ಯಾರಿಗೂ ಏನೂ ಅನ್ನಿಸಲ್ಲ, ಗೊಂದಲ ಅಷ್ಟೇ. ಉಳಿದದ್ದೆಲ್ಲ ನೆಟ್ಟಗಿದ್ದು ಒಂದೇ ಕಡೆ ಮುರಿದರೆ ಹೊಟ್ಟೆಯಲ್ಲಿ ಏನೋ ತಿರುಗಿದಂತಾಗುತ್ತದೆ.

ಬಾಗಿಲ ಮುಂದೆ ನಿಂತಾಗ ಎಲ್ಲ ಸದ್ದನ್ನೂ ಸೊನ್ನೆ ಮಾಡಿಬಿಡೋಣ ಅನ್ನೋ ಆಸೆ ಬರುತ್ತದೆ. ಹಾಗೆ ಮಾಡಿದರೆ ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ರೂಮ್ ಟೋನನ್ನು ನಿಧಾನಕ್ಕೆ ಇಳಿಸಿ, ಗಡಿಯಾರದ ಟಿಕ್ ಟಿಕ್ ಮಾತ್ರ ಉಳಿಸಿ, ಆಮೇಲೆ ಅದನ್ನೂ ನಿಲ್ಲಿಸಿದೆ. ಢಂ ಅಂತ ಬೆಚ್ಚಿಬೀಳಿಸುವ ಸದ್ದು ಬೇಡವೇ ಬೇಡ ಅಂತ ನಾನು ಪಟ್ಟು ಹಿಡಿದೆ. ಅದರಿಂದ ಹುಟ್ಟೋದು ಭಯ ಅಲ್ಲ, ಕಿವಿನೋವು.

ಕಟ್‌ಗಳು ಮುಗಿದವು, ಇನ್ನು ಒಂದು ಫ್ರೇಮನ್ನೂ ಅಲ್ಲಾಡಿಸಲ್ಲ ಅಂತ ಎಲ್ಲರೂ ಒಪ್ಪಿದ ಮೇಲೆಯೇ ಸೌಂಡ್ ಮಿಕ್ಸಿಂಗ್, ಕಲರ್. ಹೆಡ್‌ಫೋನಿನಲ್ಲಿ ಅದ್ಭುತವಾಗಿದ್ದ ಕುರ್ಚಿ ಸದ್ದು ಫೋನ್ ಸ್ಪೀಕರಿನಲ್ಲಿ ಹೆಚ್ಚುಕಡಿಮೆ ಮಾಯ, ಯಾಕಂದರೆ ಆ ಪುಟ್ಟ ಸ್ಪೀಕರ್ ತೀರಾ ದಪ್ಪ ಸದ್ದನ್ನು ಹೊರಡಿಸುವುದೇ ಇಲ್ಲ. ಅದಕ್ಕೆ ಅದೇ ಸ್ಟೂಲಿನ ಇನ್ನೊಂದು ರೆಕಾರ್ಡಿಂಗ್, ಸ್ವಲ್ಪ ಕರಕರ ಅನ್ನುವಂಥದ್ದನ್ನು, ತೆಳ್ಳಗೆ ಮೇಲೆ ಸೇರಿಸಿದೆ. ಹಾಲ್‌ನಲ್ಲಿ ದೊಡ್ಡ ಸ್ಪೀಕರ್‌ಗೆ ಹಾಕಿದಾಗ ಈ ಕರಕರ ಜಾಸ್ತಿ ಅನ್ನಿಸಿತು. ಹೀಗಾಗಿ ನಮ್ಮ ಚಿತ್ರದ ಫೈಲ್‌ಗಳು ಎರಡು: ಫೋನಿನಲ್ಲಿ ನೋಡುವವರಿಗೆ ಕರಕರ ಇರುವುದು, ಹಾಲ್‌ನಲ್ಲಿ ತೋರಿಸಲು ಅದನ್ನು ಅರ್ಧ ಇಳಿಸಿದ್ದು. ಸೌಂಡ್ ಟ್ರ್ಯಾಕ್‌ಗಳನ್ನು ಒಂದರೊಳಗೊಂದು ಬೆರೆಸದೆ ಬೇರೆ ಬೇರೆಯಾಗಿಯೇ ಉಳಿಸಿದ್ದರೆ ಇದು ಹತ್ತು ನಿಮಿಷದ ಕೆಲಸ.